ಎರಡು ಶಿರೂರು, ಒಂದು ಅರವತ್ತಾರು

ಶಿರೂರು ಎಲ್ಲಿದೆ ಅಂತ ಭಟ್ಕಳದ ಹುಡುಗನೊಬ್ಬನನ್ನು ಕೇಳಿ. ದಕ್ಷಿಣಕ್ಕೆ ಕೈ ತೋರಿಸಿ, "ಇಲ್ಲೇ, ಜಿಲ್ಲೆ ಗಡಿ ದಾಟಿದ್ರೆ ಆಯ್ತು. ಟೋಲ್‌ಗೇಟ್ ಇದ್ಯಲ್ಲ, ಅಲ್ಲೇ" ಅನ್ನುತ್ತಾನೆ. ಅದನ್ನೇ ಕುಮಟಾದ ಹುಡುಗಿಗೆ ಕೇಳಿದರೆ ಅವಳ ಕೈ ಉತ್ತರಕ್ಕೆ ಹೋಗುತ್ತದೆ: "ಅಂಕೋಲಾಕ್ಕೆ ಹೋಗ್ತಾ ಸಿಗ್ತದೆ, ಗಂಗಾವಳಿ ಹೊಳೆ ಪಕ್ಕ." ಇಬ್ಬರು ಹೇಳುವುದೂ ನಿಜ. ಶಿರೂರು ಎರಡಿವೆ. ಒಂದು ಉಡುಪಿ ಜಿಲ್ಲೆಯ ಬೈಂದೂರು ಕಡೆಯದು, ಇನ್ನೊಂದು ಉತ್ತರ ಕನ್ನಡದ ಅಂಕೋಲಾ ತಾಲ್ಲೂಕಿನದು. ನಡುವೆ ಎಪ್ಪತ್ತು ಕಿಲೋಮೀಟರಿಗೂ ಹೆಚ್ಚು ದೂರ. ತಮಾಷೆಯೆಂದರೆ ಎರಡೂ ಒಂದೇ ರಸ್ತೆಯ ಮೇಲಿವೆ. ಅದು ರಾಷ್ಟ್ರೀಯ ಹೆದ್ದಾರಿ 66.

2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ ಬಿತ್ತು. ಹಲವರು ಜೀವ ಕಳೆದುಕೊಂಡರು, ರಸ್ತೆ ದಿನಗಟ್ಟಲೆ ಬಂದಾಯಿತು. ದೂರದ ಊರಿನ ಲಾರಿ ಡ್ರೈವರ್ ಒಬ್ಬ ಸುದ್ದಿ ಕೇಳಿ ಫೋನಿನ ನಕ್ಷೆಯಲ್ಲಿ ಶಿರೂರು ಅಂತ ಹುಡುಕಿದ ಅಂದುಕೊಳ್ಳಿ. ನಕ್ಷೆ ಬೈಂದೂರು ಕಡೆಯ ಶಿರೂರನ್ನು ತೋರಿಸಿದರೆ, ಉತ್ತರಕ್ಕೆ ಹೊರಟು ಭಟ್ಕಳ ದಾಟಿದವನು "ಗಂಡಾಂತರ ಹಿಂದೆ ಉಳಿಯಿತು" ಅಂತ ನಿಟ್ಟುಸಿರು ಬಿಟ್ಟು ನೇರ ಕುಸಿದ ಗುಡ್ಡದ ಬುಡಕ್ಕೇ ಹೋಗಿ ನಿಲ್ಲುತ್ತಾನೆ.

ಅದಕ್ಕೇ ನಕ್ಷೆ ಮಾಡುವವರು ಹೆಸರನ್ನಷ್ಟೇ ನಂಬುವುದಿಲ್ಲ. ಊರನ್ನು ಎರಡು ಅಂಕಿಗಳಲ್ಲಿ ಹಿಡಿದಿಡುತ್ತಾರೆ, ಅಕ್ಷಾಂಶ ಮತ್ತು ರೇಖಾಂಶ. ಭಟ್ಕಳದ ಅಕ್ಷಾಂಶ ಸುಮಾರು 13.98 ಡಿಗ್ರಿ, ಹೊನ್ನಾವರದ್ದು 14.28, ಕುಮಟಾದ್ದು 14.43. ಒಂದು ಡಿಗ್ರಿ ಅಕ್ಷಾಂಶ ಅಂದರೆ ನೆಲದ ಮೇಲೆ ಸುಮಾರು 111 ಕಿಲೋಮೀಟರ್. ಈಗ ಪೆನ್ಸಿಲ್ ತೆಗೆದುಕೊಳ್ಳಿ. 14.28ರಲ್ಲಿ 13.98 ಕಳೆದರೆ 0.30. ಅದನ್ನು 111ರಿಂದ ಗುಣಿಸಿದರೆ 33 ಚಿಲ್ಲರೆ. ಅಂದರೆ ಹೊನ್ನಾವರ ಭಟ್ಕಳಕ್ಕಿಂತ ಸುಮಾರು 33 ಕಿಲೋಮೀಟರ್ ಉತ್ತರಕ್ಕಿದೆ. ಬಸ್ಸು ಮಾತ್ರ 40 ಕಿಲೋಮೀಟರಿನ ಹತ್ತಿರ ಓಡುತ್ತದಲ್ಲ? ಹೌದು. ನಮ್ಮ ಕರಾವಳಿ ನೆಟ್ಟಗೆ ಉತ್ತರಕ್ಕಿಲ್ಲ, ಸ್ವಲ್ಪ ಪಶ್ಚಿಮಕ್ಕೆ ವಾಲಿದೆ. ಜೊತೆಗೆ ರಸ್ತೆ ಹೊಳೆ ಕಂಡಲ್ಲಿ, ಗುಡ್ಡ ಕಂಡಲ್ಲಿ ಬಳುಕುತ್ತದೆ.

ದಶಮಾಂಶ ಬಿಂದುವಿನ ಆಚೆ ಎರಡು ಅಂಕಿ ಇದ್ದರೆ ಊರು ಸಿಗುತ್ತದೆ. ಐದು ಅಂಕಿ ಇದ್ದರೆ ಸುಮಾರು ಒಂದು ಮೀಟರಿನ ಲೆಕ್ಕ, ಊರಿನ ಮೈಲಿಗಲ್ಲೇ ಸಿಗುತ್ತದೆ. ನಾನು ಈಗ ಹೇಳಹೊರಟ ನಕ್ಷೆಯಲ್ಲಿ ಏಳು ಅಂಕಿ ಬರೆದಿಡುತ್ತಾರೆ. ಅದು ಸುಮಾರು ಒಂದು ಸೆಂಟಿಮೀಟರ್. ಅಷ್ಟು ಕರಾರುವಾಕ್ಕಾಗಿ ಯಾರೂ ಅಳೆದಿರುವುದಿಲ್ಲ ಅನ್ನುವುದು ಬೇರೆ ಮಾತು!

ಆ ನಕ್ಷೆಯ ಹೆಸರು ಓಪನ್‌ಸ್ಟ್ರೀಟ್‌ಮ್ಯಾಪ್. 2004ರಲ್ಲಿ ಬ್ರಿಟನ್ನಿನ ಸ್ಟೀವ್ ಕೋಸ್ಟ್ ಅನ್ನುವವರು ಶುರುಮಾಡಿದ್ದು. ಅಲ್ಲಿ ಆಗ ಸರ್ಕಾರದ ನಕ್ಷೆಯ ಮಾಹಿತಿ ಬೇಕೆಂದರೆ ದುಡ್ಡು ಕೊಡಬೇಕಿತ್ತು, ಕೊಟ್ಟರೂ ಬೇಕಾದ ಹಾಗೆ ಬಳಸುವಂತಿರಲಿಲ್ಲ. ಜನರೇ ಸೇರಿ ವಿಶ್ವಕೋಶ ಬರೆಯಬಹುದಾದರೆ ಜನರೇ ಸೇರಿ ನಕ್ಷೆಯನ್ನೂ ಯಾಕೆ ಬರೆಯಬಾರದು ಅನ್ನುವುದು ಅವರ ತರ್ಕ. ಈಗ ಅದರಲ್ಲಿ ಒಂದು ಕೋಟಿಗೂ ಹೆಚ್ಚು ಜನ ಹೆಸರು ನೋಂದಾಯಿಸಿದ್ದಾರೆ. ಯಾರು ಬೇಕಾದರೂ ಗೆರೆ ಎಳೆಯಬಹುದು, ತಿದ್ದಬಹುದು. ಯಾರು ಯಾವಾಗ ಏನು ತಿದ್ದಿದರು ಅನ್ನುವುದೆಲ್ಲ ದಾಖಲಾಗಿರುತ್ತದೆ.

ನಿಯಮ ಒಂದಿದೆ. ಬೇರೆ ಕಂಪನಿಯ ನಕ್ಷೆ ನೋಡಿ ಕಾಪಿ ಹೊಡೆಯುವಂತಿಲ್ಲ. ಸ್ವಂತ ಕಣ್ಣಿಂದ ಕಂಡದ್ದು, ಜಿಪಿಎಸ್ ಗುರುತಿಸಿದ್ದು, ಬಳಸಲು ಅನುಮತಿ ಇರುವ ಉಪಗ್ರಹ ಚಿತ್ರದಲ್ಲಿ ಕಾಣುವುದು, ಇಷ್ಟೇ. ಕಾಪಿ ಹೊಡೆಯುವವರನ್ನು ಹಿಡಿಯಲು ನಕ್ಷೆ ಕಂಪನಿಗಳು ಹಿಂದಿನಿಂದಲೂ ಬಲೆ ಒಡ್ಡುತ್ತಿದ್ದವು. 1930ರ ದಶಕದಲ್ಲಿ ಅಮೆರಿಕದ ಒಂದು ಕಂಪನಿ ನ್ಯೂಯಾರ್ಕ್ ರಾಜ್ಯದ ನಕ್ಷೆಯಲ್ಲಿ ಅಗ್ಲೋ ಅನ್ನುವ ಇಲ್ಲದ ಊರೊಂದನ್ನು ಸುಮ್ಮನೆ ಸೇರಿಸಿಬಿಟ್ಟಿತು. ಬೇರೆಯವರ ನಕ್ಷೆಯಲ್ಲಿ ಅಗ್ಲೋ ಕಂಡರೆ ಕಳ್ಳ ಸಿಕ್ಕಿದ ಅಂತ ಲೆಕ್ಕ. ಆದದ್ದು ಬೇರೆ. ಆ ಜಾಗದಲ್ಲಿ ಅಂಗಡಿ ತೆರೆದವರೊಬ್ಬರು ನಕ್ಷೆ ನೋಡಿ ಅಂಗಡಿಗೆ ಅಗ್ಲೋ ಅಂತಲೇ ಹೆಸರಿಟ್ಟರು. ಸುಳ್ಳು ಊರು ಕೆಲಕಾಲ ನಿಜವಾಯಿತು.

ಸರಿ, ಹೆದ್ದಾರಿಗೆ ಬರೋಣ.

ಕಾಗದದ ನಕ್ಷೆಯಲ್ಲಿ 66 ಅಂದರೆ ಒಂದು ಕೆಂಪು ಗೆರೆ, ಅಷ್ಟೇ. ಕಂಪ್ಯೂಟರಿಗೆ ಅದು ಒಂದು ಗೆರೆಯಲ್ಲ, ಎಷ್ಟೋ ತುಂಡು. ಮಹಾರಾಷ್ಟ್ರದ ಪನ್ವೇಲ್‌ನಿಂದ ಕನ್ಯಾಕುಮಾರಿಯವರೆಗೆ ಸುಮಾರು 1,600 ಕಿಲೋಮೀಟರ್ ಉದ್ದದ ರಸ್ತೆ ಇದು. ಎಲ್ಲ ಕಡೆ ಒಂದೇ ಥರ ಇರುವುದಿಲ್ಲ. ಒಂದು ಕಡೆ ಡಿವೈಡರ್ ಇದೆ, ಇನ್ನೊಂದು ಕಡೆ ಇಲ್ಲ. ಹೊನ್ನಾವರದಲ್ಲಿ ಶರಾವತಿ ಮೇಲೆ ಸೇತುವೆ, ಆಮೇಲೆ ಮತ್ತೆ ನೆಲ. ಪೇಟೆ ಒಳಗೆ ವೇಗದ ಮಿತಿ ಕಡಿಮೆ, ಹೊರಗೆ ಹೆಚ್ಚು. ಗುಣ ಬದಲಾದಲ್ಲೆಲ್ಲ ಗೆರೆಯನ್ನು ಕತ್ತರಿಸಬೇಕು. ಪ್ರತಿ ತುಂಡಿಗೂ ಒಂದಷ್ಟು ಚೀಟಿ ಅಂಟಿಸುತ್ತಾರೆ, ಅದಕ್ಕೆ ಟ್ಯಾಗ್ ಅನ್ನುತ್ತಾರೆ. ಇದು ಸೇತುವೆ, ಇದು ಒಮ್ಮುಖ, ಇದಕ್ಕೆ ಎರಡು ಲೇನ್, ಹೀಗೆ.

ಇಷ್ಟು ತುಂಡು ಮಾಡಿದ ಮೇಲೆ 66 ಎಲ್ಲಿ ಉಳಿಯಿತು? ಭಟ್ಕಳ ಮಲ್ಲಿಗೆಯ ಮಾಲೆ ಕಟ್ಟುವುದನ್ನು ನೋಡಿದ್ದೀರಲ್ಲ. ಮೊಗ್ಗು ಒಂದೊಂದೂ ಬೇರೆ, ಬಾಳೆನಾರು ಒಂದೇ. ಇಲ್ಲೂ ಅಂಥದೊಂದು ನಾರಿದೆ, ಅದನ್ನು ರಿಲೇಶನ್ ಅನ್ನುತ್ತಾರೆ. ಅದೊಂದು ಪಟ್ಟಿ: ಈ ತುಂಡು, ಆಮೇಲೆ ಈ ತುಂಡು, ಆಮೇಲೆ ಇದು, ಎಲ್ಲ ಸೇರಿ ಹೆದ್ದಾರಿ 66. ತುಂಡುಗಳು ಸಾಲಾಗಿ, ಒಂದರ ತುದಿಗೆ ಇನ್ನೊಂದರ ತುದಿ ತಾಗುವ ಹಾಗೆ ಇರಬೇಕು.

ನಾರು ಹರಿಯುವುದು ಹೇಗೆ ಅಂತೀರಾ? ಒಳ್ಳೆಯ ಕೆಲಸ ಮಾಡಲು ಹೋದವರಿಂದಲೇ! ಯಾರೋ ಒಬ್ಬರು ಶರಾವತಿ ಸೇತುವೆಯ ಪಕ್ಕ ಹೊಸ ಸೇತುವೆ ಬಂದದ್ದು ನೋಡಿ ಅದನ್ನು ಚೆಂದವಾಗಿ ಬರೆಯುತ್ತಾರೆ. ಪಟ್ಟಿಗೆ ಸೇರಿಸಲು ಮರೆಯುತ್ತಾರೆ. ನೋಡಿದರೆ ನಕ್ಷೆಯಲ್ಲಿ ಸೇತುವೆ ಇದೆ, ಬಣ್ಣವೂ ಸರಿಯಾಗಿದೆ. ಆದರೆ 66ರ ಪಟ್ಟಿ ಕಾಸರಕೋಡಿನ ದಡದಲ್ಲಿ ನಿಂತುಬಿಟ್ಟು ಹೊಳೆಯ ಆಚೆ ಹೊನ್ನಾವರದಲ್ಲಿ ಮತ್ತೆ ಎದ್ದಿರುತ್ತದೆ. ಕಣ್ಣಿಗೆ ಕಾಣದ ತಪ್ಪು ಇದು. ಹೀಗೆ ಕೊಂಡಿ ಕಳಚಿದ ಜಾಗ ಹುಡುಕಿ ಕೊಡುವ ಪ್ರೋಗ್ರಾಂಗಳಿವೆ, ಅವನ್ನು ಹಾಕಿಕೊಂಡು ಕೂತು ತಿಂಗಳುಗಟ್ಟಲೆ ಬರೀ ಹೆದ್ದಾರಿ ಪಟ್ಟಿಗಳನ್ನೇ ದುರಸ್ತಿ ಮಾಡುವ ಜನರಿದ್ದಾರೆ. ಸಂಬಳ ಇಲ್ಲ, ಹೆಸರೂ ಇಲ್ಲ. ನನಗೆ ಕೇಳಿದರೆ ಹೊಸ ರಸ್ತೆ ಬರೆಯುವುದಕ್ಕಿಂತ ಇದು ಕಷ್ಟದ ಕೆಲಸ.

ಈಗ ಬಸ್ಸಿನ ಕಿಟಕಿ ಪಕ್ಕ ಕೂತೇ ಪತ್ತೆ ಹಚ್ಚಬಹುದಾದ ಒಂದು ತಪ್ಪನ್ನು ಹೇಳಿಕೊಡುತ್ತೇನೆ. ಹತ್ತು ವರ್ಷಕ್ಕೂ ಮಿಕ್ಕಿ ನಡೆದ ಚತುಷ್ಪಥ ಕಾಮಗಾರಿಯಿಂದ ನಮ್ಮ ಹೆದ್ದಾರಿ ಬಹಳ ಕಡೆ ಎರಡಾಗಿದೆ. ಹೋಗಲು ಒಂದು ರಸ್ತೆ, ಬರಲು ಒಂದು ರಸ್ತೆ, ನಡುವೆ ಡಿವೈಡರ್. ನಕ್ಷೆಯಲ್ಲೂ ಒಂದು ಗೆರೆ ಇದ್ದಲ್ಲಿ ಎರಡು ಬರಬೇಕು, ಪ್ರತಿಯೊಂದಕ್ಕೂ ಬಾಣದ ಗುರುತು ಬೇಕು. ಬಾಣ ಯಾವ ಕಡೆಗೆ? ಭಾರತದಲ್ಲಿ ನಾವು ರಸ್ತೆಯ ಎಡಕ್ಕೆ ಹೋಗುವವರು. ಭಟ್ಕಳದಿಂದ ಕುಮಟಾಕ್ಕೆ, ಅಂದರೆ ಉತ್ತರಕ್ಕೆ ಮುಖ ಮಾಡಿ ನಿಂತರೆ ನಿಮ್ಮ ಎಡಕ್ಕೆ ಇರುವುದು ಕಡಲು. ಹಾಗಾಗಿ ಕುಮಟಾ ಕಡೆಗೆ ಹೋಗುವ ಬಸ್ಸು ಕಡಲ ಬದಿಯ ರಸ್ತೆಯಲ್ಲಿ ಓಡಬೇಕು, ಭಟ್ಕಳಕ್ಕೆ ಬರುವ ಬಸ್ಸು ಗುಡ್ಡದ ಬದಿಯದರಲ್ಲಿ. ನಕ್ಷೆ ತೆರೆದು ಮುರುಡೇಶ್ವರದ ಹತ್ತಿರವೋ ಮಂಕಿಯ ಹತ್ತಿರವೋ ದೊಡ್ಡದು ಮಾಡಿ ನೋಡಿ. ಕಡಲ ಬದಿಯ ಗೆರೆಯ ಬಾಣ ದಕ್ಷಿಣಕ್ಕೆ ತಿರುಗಿದ್ದರೆ ಬರೆದವರು ಎಡವಟ್ಟು ಮಾಡಿದ್ದಾರೆ. ಆ ನಕ್ಷೆ ನಂಬಿ ದಾರಿ ಹೇಳುವ ಫೋನು ಎದುರಿಂದ ಬರುವ ವಾಹನಗಳಿಗೆ ಮುಖ ಕೊಟ್ಟು ಹೋಗು ಅನ್ನುತ್ತದೆ.

ಇನ್ನೊಂದು ತಪ್ಪು ಇನ್ನೂ ಸಣ್ಣದು, ಅದರ ಪರಿಣಾಮ ಮಾತ್ರ ದೊಡ್ಡದು. ಹೊನ್ನಾವರದಲ್ಲಿ 66ಕ್ಕೆ ಗೇರುಸೊಪ್ಪ, ಸಾಗರದ ಕಡೆಯಿಂದ ಬರುವ ಹೆದ್ದಾರಿ 69 ಕೂಡುತ್ತದೆ. ನಕ್ಷೆಯಲ್ಲಿ ಎರಡು ಗೆರೆ ಕೂಡಿದಂತೆ ಕಂಡರೆ ಸಾಲದು, ಎರಡಕ್ಕೂ ಒಂದೇ ಬಿಂದು ಇರಬೇಕು. ಗೆರೆಯ ತುದಿ ಕೂದಲೆಳೆಯಷ್ಟು ಈಚೆ ನಿಂತರೂ ಕಂಪ್ಯೂಟರಿಗೆ ಅವು ಎರಡು ಬೇರೆ ಲೋಕ. ಸಾಗರದಿಂದ ಬಂದವರಿಗೆ ಹೊನ್ನಾವರ ಕಣ್ಣೆದುರೇ ಇದ್ದರೂ ಫೋನು ಎಲ್ಲೆಲ್ಲೋ ಸುತ್ತಿಸುತ್ತದೆ. ಇದಕ್ಕೆ ತಿರುಗುಮುರುಗಾದ ತಪ್ಪೂ ಇದೆ. ಕೊಂಕಣ ರೈಲ್ವೆಯ ಹಳಿ ಮೇಲೆ ರಸ್ತೆ ಸೇತುವೆಯಲ್ಲಿ ಹಾದುಹೋಗುವಾಗ ಗೆರೆಗಳು ಒಂದನ್ನೊಂದು ದಾಟುತ್ತವೆ, ಆದರೆ ಕೂಡುವುದಿಲ್ಲ. ಅಲ್ಲಿ ಬಿಂದು ಇಟ್ಟರೆ ನಕ್ಷೆಯಲ್ಲಿ ಇಲ್ಲದ ರೈಲ್ವೆ ಗೇಟು ಹುಟ್ಟಿಕೊಳ್ಳುತ್ತದೆ. ಬಿಂದುವಿನಿಂದ ಬಿಂದುವಿಗೆ ಹೋಗುತ್ತ ಅತಿ ಹತ್ತಿರದ ದಾರಿ ಹುಡುಕುವ ಲೆಕ್ಕವನ್ನು 1956ರಲ್ಲಿ ನೆದರ್‌ಲ್ಯಾಂಡ್ಸಿನ ಎಡ್ಸ್‌ಗರ್ ಡೈಕ್‌ಸ್ಟ್ರಾ ಕಾಫಿ ಕುಡಿಯುತ್ತ ಕೂತು ಇಪ್ಪತ್ತು ನಿಮಿಷದಲ್ಲಿ ಕಂಡುಕೊಂಡರಂತೆ. ಇಂದಿನ ಫೋನುಗಳು ದಾರಿ ಹೇಳುವುದು ಆ ಲೆಕ್ಕದ ಮಕ್ಕಳು ಮೊಮ್ಮಕ್ಕಳಿಂದ. ಅದು ಬಲು ಜಾಣ ಲೆಕ್ಕ. ಬಿಂದು ಇಲ್ಲದಿದ್ದರೆ ಮಾತ್ರ ಅದಕ್ಕೂ ದಾರಿ ಕಾಣುವುದಿಲ್ಲ.

ಅಂದಹಾಗೆ, ನಿಮ್ಮ ಅಜ್ಜ ಈಗಲೂ ಹೆದ್ದಾರಿ 66ನ್ನು "ಎನ್‌ಎಚ್ ಹದಿನೇಳು" ಅನ್ನುತ್ತಾರಾ? ಅವರ ತಪ್ಪಲ್ಲ. 2010ರವರೆಗೆ ಈ ರಸ್ತೆಯ ಸಂಖ್ಯೆ 17. ಆಗ ಇದು ಪನ್ವೇಲ್‌ನಿಂದ ಕೊಚ್ಚಿಯ ಹತ್ತಿರದ ಎಡಪ್ಪಳ್ಳಿಯವರೆಗೆ ಮಾತ್ರ ಇತ್ತು. ಆ ವರ್ಷ ಕೇಂದ್ರ ಸರ್ಕಾರ ದೇಶದ ಹೆದ್ದಾರಿಗಳಿಗೆಲ್ಲ ಹೊಸ ಸಂಖ್ಯೆ ಕೊಟ್ಟಿತು. ಹೊಸ ಲೆಕ್ಕದಲ್ಲಿ ಒಂದು ಕ್ರಮವಿದೆ. ಉತ್ತರ ದಕ್ಷಿಣವಾಗಿ ಹೋಗುವ ರಸ್ತೆಗೆ ಸಮಸಂಖ್ಯೆ, ಪೂರ್ವದಿಂದ ಪಶ್ಚಿಮಕ್ಕೆ ಬಂದಂತೆ ಸಂಖ್ಯೆ ಏರುತ್ತದೆ. ನಾವು ಪಶ್ಚಿಮದ ಅಂಚಿನಲ್ಲಿರುವವರಾದ್ದರಿಂದ 66ರಷ್ಟು ದೊಡ್ಡ ಸಂಖ್ಯೆ. ಪೂರ್ವ ಪಶ್ಚಿಮವಾಗಿ ಹೋಗುವುದಕ್ಕೆ ಬೆಸಸಂಖ್ಯೆ, ಉತ್ತರದಿಂದ ದಕ್ಷಿಣಕ್ಕೆ ಇಳಿದಂತೆ ಏರುತ್ತದೆ. ಹೊನ್ನಾವರದ 69ಕ್ಕಿಂತ ದಕ್ಷಿಣದಲ್ಲಿರುವ ಮಂಗಳೂರು ಕಡೆಯ ಹೆದ್ದಾರಿಗಳು 73 ಮತ್ತು 75. ಮೂರಂಕಿಯ ಸಂಖ್ಯೆ ಕಂಡರೆ ಕೊನೆಯ ಎರಡಂಕಿ ನೋಡಿ, ಅದು ಯಾವ ಹೆದ್ದಾರಿಯ ಕವಲು ಅಂತ ತಿಳಿಯುತ್ತದೆ. ಬೈಂದೂರಿನಿಂದ ಘಟ್ಟ ಹತ್ತಿ ರಾಣೆಬೆನ್ನೂರಿಗೆ ಹೋಗುವುದು 766ಸಿ, ಅಂದರೆ 66ರ ಕವಲು. ಕುಮಟಾದಿಂದ ದೇವಿಮನೆ ಘಾಟಿ ಹತ್ತಿ ಶಿರಸಿಗೆ ಹೋಗುವ ರಸ್ತೆಯ ಸಂಖ್ಯೆ ಶುರುವಾಗುವುದೂ 766ರಿಂದಲೇ.

ಸಂಖ್ಯೆ ದೆಹಲಿಯಲ್ಲಿ ಒಂದೇ ದಿನ ಬದಲಾಯಿತು. ರಸ್ತೆ ಬದಿಯಲ್ಲಿ ಹಾಗಾಗಲಿಲ್ಲ. ಅಂಗಡಿ ಬೋರ್ಡು, ವಿಳಾಸ, ಜನರ ಬಾಯಿ ಎಲ್ಲ ಕಡೆ ಹದಿನೇಳು ಬಹಳ ಕಾಲ ಉಳಿಯಿತು. ಹೊನ್ನಾವರದ 69 ಕೂಡ ಮೊದಲು 206 ಆಗಿತ್ತು, ಆ ಹೆಸರು ಇನ್ನೂ ಚಾಲ್ತಿಯಲ್ಲಿದೆ. ನಕ್ಷೆಯಲ್ಲಿ ಹಳೆ ಸಂಖ್ಯೆಯನ್ನು ಅಳಿಸುವುದಿಲ್ಲ, ಅದಕ್ಕೆಂದೇ ಬೇರೆ ಟ್ಯಾಗ್ ಇದೆ. ಅಜ್ಜ ಹದಿನೇಳು ಅಂತ ಹುಡುಕಿದರೂ ರಸ್ತೆ ಸಿಗಲಿ ಅಂತ. ಸರ್ವಿಸ್ ರೋಡಿಗೆ ಮಾತ್ರ 66 ಅಂತ ಬರೆಯಬಾರದು, ಅದು ಹೆದ್ದಾರಿಯ ಪಕ್ಕದಲ್ಲೇ ಇದ್ದರೂ ಹೆದ್ದಾರಿಯಲ್ಲ. ಈ ತಪ್ಪು ಸಿಕ್ಕಾಪಟ್ಟೆ ಕಡೆ ಕಾಣುತ್ತದೆ.

ಗೆರೆ ಎಳೆಯಲು ಜಿಪಿಎಸ್ ಇದೆಯಲ್ಲ, ಅಷ್ಟು ಸಾಕಲ್ಲವೇ ಅನ್ನಬಹುದು. ಜಿಪಿಎಸ್ ಉಪಗ್ರಹಗಳು ಸುಮಾರು 20,000 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತ "ಈಗ ಗಂಟೆ ಇಷ್ಟು, ನಾನು ಇಲ್ಲಿದ್ದೇನೆ" ಅಂತ ಸಾರುತ್ತಿರುತ್ತವೆ. ಆ ಸಂಕೇತ ಬೆಳಕಿನ ವೇಗದಲ್ಲಿ, ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್ ಓಡಿ ಬರುತ್ತದೆ. ಬರಲು ಎಷ್ಟು ಹೊತ್ತು ಹಿಡಿಯಿತು ಅನ್ನುವುದರಿಂದ ಫೋನು ದೂರ ಲೆಕ್ಕ ಹಾಕುತ್ತದೆ. ಕನಿಷ್ಠ ನಾಲ್ಕು ಉಪಗ್ರಹ ಬೇಕು. ಮೂರು ಜಾಗ ಹಿಡಿಯಲು, ಇನ್ನೊಂದು ಫೋನಿನ ಗಡಿಯಾರದ ತಪ್ಪು ತಿದ್ದಲು. ಗಡಿಯಾರ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ ತಪ್ಪಿದರೆ ದೂರದಲ್ಲಿ 300 ಮೀಟರ್ ತಪ್ಪುತ್ತದೆ!

ಶರಾವತಿ ಸೇತುವೆಯ ಮೇಲೆ ಆಕಾಶ ಪೂರ್ತಿ ತೆರೆದಿರುತ್ತದೆ, ಅಲ್ಲಿ ಫೋನು ನಾಲ್ಕೈದು ಮೀಟರ್ ಆಚೀಚೆಗೆ ಸರಿಯಾದ ಜಾಗ ಹೇಳುತ್ತದೆ. ಗೇರುಸೊಪ್ಪ ಘಾಟಿಯಲ್ಲೋ ದೇವಿಮನೆಯಲ್ಲೋ ಗುಡ್ಡ, ಮರ ಅಡ್ಡ ಬಂದು ಲೆಕ್ಕ ಇನ್ನಷ್ಟು ಕೆಡುತ್ತದೆ. ನಾಲ್ಕೈದು ಮೀಟರೇ ಸಾಕು ಕೆಡಿಸಲು. ಹೆದ್ದಾರಿಯ ಒಂದು ಬದಿಯ ಎರಡು ಲೇನ್ ಸೇರಿದರೆ ಅಗಲ 7 ಮೀಟರ್. ಡಿವೈಡರ್ ಪಕ್ಕ ಹೋಗುವ ಬಸ್ಸಿನಲ್ಲಿ ಫೋನು ಗುರುತಿಸಿದ ಜಾಡು ಎದುರು ಬದಿಯ ರಸ್ತೆಯ ಮೇಲೆ ಬಿದ್ದರೆ ಆಶ್ಚರ್ಯವಿಲ್ಲ. ಒಂದು ಜಾಡಿನ ಬದಲು ಬೇರೆ ಬೇರೆ ದಿನದ ಹತ್ತಿಪ್ಪತ್ತು ಜಾಡು ಒಂದರ ಮೇಲೊಂದು ಇಟ್ಟು ನೋಡಿದರೆ ನಡುವಿನ ದಟ್ಟ ಪಟ್ಟಿಯೇ ರಸ್ತೆ. ಉಪಗ್ರಹ ಚಿತ್ರದಲ್ಲಿ ನೋಡಿ ಬರೆಯೋಣ ಅಂದರೆ ಅದರ ತಾಪತ್ರಯ ಬೇರೆ. ತೆಂಗು, ಅಡಿಕೆ ತೋಟದ ನೆರಳಿನಲ್ಲಿ ಒಳರಸ್ತೆಗಳು ಕಾಣುವುದಿಲ್ಲ. ಮಳೆಗಾಲದಲ್ಲಿ ಕರಾವಳಿಯ ಮೇಲೆ ಮೋಡದ ಚಪ್ಪರ, ಆ ನಾಲ್ಕು ತಿಂಗಳು ಮೇಲಿನಿಂದ ಏನೂ ಕಾಣದು. ಚಿತ್ರ ತೆಗೆದ ವರ್ಷ ಹಳೆಯದಾದರೆ ಇಂದು ಡಾಂಬರು ಬಿದ್ದಿರುವ ಕಡೆ ಚಿರೆಕಲ್ಲಿನ ಕೆಂಪು ಮಣ್ಣೇ ಕಾಣುತ್ತಿರುತ್ತದೆ.

ಮಳೆಗಾಲದಲ್ಲೇ ಏನೇನೋ ಆಗುವುದೂ. 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೆ ಸೇತುವೆ ಕುಸಿಯಿತು. ಅದರ ಮೇಲಿದ್ದ ಲಾರಿ ನದಿಗೆ ಬಿತ್ತು, ಚಾಲಕನನ್ನು ಕಾಪಾಡಿದರು. ಆವರೆಗೆ ಹಳೆ ಸೇತುವೆ ಗೋವಾದಿಂದ ಕಾರವಾರಕ್ಕೆ ಬರುವವರಿಗೆ, ಪಕ್ಕದ ಹೊಸದು ಗೋವಾಕ್ಕೆ ಹೋಗುವವರಿಗೆ. ಆಮೇಲೆ ಹೊಸ ಸೇತುವೆಯೇ ಎರಡೂ ಕಡೆಯ ಭಾರ ಹೊತ್ತಿತು. ನಕ್ಷೆಯಲ್ಲಿ ಏನೇನು ಬದಲಾಗಬೇಕು ಅಂತ ನೀವೇ ಯೋಚಿಸಿ ನೋಡಿ, ಮುಂದೆ ಓದುವ ಮೊದಲು.

ಹಳೆ ಸೇತುವೆಯ ತುಂಡನ್ನು ರಸ್ತೆ ಅಂತ ಕರೆಯುವುದು ನಿಲ್ಲಬೇಕು. ಹೊಸ ಸೇತುವೆಯ ತುಂಡಿನಿಂದ ಒಮ್ಮುಖ ಅನ್ನುವ ಚೀಟಿ ಕೀಳಬೇಕು. ಎರಡು ಗೆರೆ ಒಂದಾಗುವಲ್ಲಿ, ಸೇತುವೆಯ ಎರಡೂ ತುದಿಗೆ, ವಾಹನ ಆಚೆಯಿಂದ ಈಚೆ ಬರುವ ಸಣ್ಣ ಕೊಂಡಿ ರಸ್ತೆಯನ್ನು ಬರೆಯಬೇಕು. ಕೊನೆಗೆ 66ರ ಪಟ್ಟಿಯಲ್ಲಿ ದಕ್ಷಿಣಕ್ಕೆ ಬರುವ ಸಾಲಿನಿಂದ ಹಳೆ ಸೇತುವೆ ತೆಗೆದು ಹೊಸದನ್ನು ಸೇರಿಸಬೇಕು. ಒಂದನ್ನು ಮರೆತರೂ ಗೋವಾದಿಂದ ಬರುವ ಫೋನು ಇಲ್ಲದ ಸೇತುವೆಯ ಮೇಲೆ ಹೋಗು ಅನ್ನುತ್ತದೆ, ಇಲ್ಲವೇ ಕಾರವಾರಕ್ಕೆ ದಾರಿಯೇ ಇಲ್ಲ ಅನ್ನುತ್ತದೆ.

ಹಾಗಾದರೆ ಶಿರೂರಿನ ಗುಡ್ಡ ಕುಸಿದಾಗಲೂ ರಸ್ತೆ ಅಳಿಸಬೇಕಿತ್ತೇ? ಇಲ್ಲಿ ಅನುಭವಿ ನಕ್ಷೆಗಾರರು ಅವಸರ ಬೇಡ ಅನ್ನುತ್ತಾರೆ. ಸೇತುವೆ ಬಿದ್ದರೆ ಅದು ಹೋಯಿತು. ಮಣ್ಣು ಬಿದ್ದರೆ ಕೆಲ ದಿನಕ್ಕೆ ತೆಗೆಯುತ್ತಾರೆ. ಓಪನ್‌ಸ್ಟ್ರೀಟ್‌ಮ್ಯಾಪ್ ಬಳಸುವ ಎಷ್ಟೋ ಆ್ಯಪ್‌ಗಳು ಇಂಟರ್‌ನೆಟ್ ಇಲ್ಲದೆ ಓಡುತ್ತವೆ, ತಿಂಗಳ ಹಿಂದೆ ಇಳಿಸಿಕೊಂಡ ನಕ್ಷೆಯನ್ನೇ ಇಟ್ಟುಕೊಂಡಿರುತ್ತವೆ. ಇವತ್ತು ಅಳಿಸಿದ್ದನ್ನು ಯಾರೋ ಇಳಿಸಿಕೊಂಡು, ನಾಳೆ ರಸ್ತೆ ತೆರೆದರೂ ತಿಂಗಳುಗಟ್ಟಲೆ ಘಟ್ಟ ಸುತ್ತುತ್ತಿರಬೇಕಾದೀತು. ನಾಲ್ಕು ದಿನದ ಡೈವರ್ಷನ್ ಬರೆಯಬಾರದು, ನಾಲ್ಕು ತಿಂಗಳಿನದಾದರೆ ಬರೆಯಬಹುದು. ನಡುವಿನದಕ್ಕೆ ನಿಯಮವಿಲ್ಲ, ಊರಿನವರ ಅಂದಾಜೇ ಗತಿ.

ಆ ಅಂದಾಜು ಹೇಳಲು ನಕ್ಷೆ ತಿದ್ದಲು ಬರಲೇಬೇಕು ಅಂತಿಲ್ಲ. ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ಟಿಪ್ಪಣಿ ಅಂಟಿಸುವ ಸೌಲಭ್ಯವಿದೆ. ಮನೆಯ ದೊಡ್ಡವರ ಜೊತೆ ಕೂತು ಬರೆಯಿರಿ, ಕನ್ನಡದಲ್ಲೇ ಬರೆಯಬಹುದು. ನಿಮ್ಮ ಹೆಸರು, ಮನೆ, ಶಾಲೆ ಯಾವುದೂ ಬೇಡ. "ಇಲ್ಲಿ ರಸ್ತೆ ತಪ್ಪಾಗಿದೆ" ಅಂತ ಬರೆದರೆ ಜರ್ಮನಿಯಲ್ಲಿ ಕೂತು ಓದುವವರಿಗೆ ಏನೂ ತಿಳಿಯದು. "ಶಿರಾಲಿಯಲ್ಲಿ ಕಡಲ ಬದಿಯ ರಸ್ತೆ ಪೂರ್ತಿ ಆಗಿದೆ, ಬಸ್ಸು ಓಡುತ್ತಿದೆ, ನಕ್ಷೆಯಲ್ಲಿ ಇನ್ನೂ ಕಾಮಗಾರಿ ಅಂತ ಇದೆ, ಭಾನುವಾರ ನೋಡಿದ್ದು" ಅಂತ ಬರೆದು ತಾರೀಕು ಹಾಕಿದರೆ ತಿದ್ದುವವರಿಗೆ ಬೇಕಾದ್ದೆಲ್ಲ ಸಿಕ್ಕಿತು. ಶಿರೂರಿನ ಬಗ್ಗೆ ಬರೆಯುವುದಾದರೆ ಯಾವ ಶಿರೂರು ಅಂತ ಮೊದಲೇ ಹೇಳಿಬಿಡಿ.